ಬೇಲಿ ಮಷಿನ್ ಟಿಕ್ ಟಿಕ್ ಅಂತೈತಿ, ಹಂದಿ ಮಾತ್ರ ಹೆದರ್ತಿಲ್ಲ, ಮಷಿನ್ ಬದಲ್ಸಬೇಕಾ?

ಜಗಳೂರು ಸೀಮೆ:

ಎಲ್ಲರಿಗೂ ನಮಸ್ಕಾರ. ನಮ್ದು ಜಗಳೂರು ತಾಲೂಕು, ರಂಗಯ್ಯನದುರ್ಗ ಕಾಡಿನ ಕಡೆ ಹೊಲ, ನಾಕೆಕ್ರೆ ಮೆಕ್ಕೆಜೋಳ ಐತಿ, ಅದಕ್ಕ ಹೊಂದ್ಕೊಂಡು ಎರಡೆಕ್ರೆ ಶೇಂಗಾ. ಸುತ್ತಲೂ ಸೋಲಾರ್ ಬೇಲಿ ಹಾಕ್ಸೀವಿ, ಮೂರೆಳೆ ತಂತಿ, ಕಲ್ಲುಕಂಬ, 12 ವೋಲ್ಟಿನ ನೀರು ಹಾಕೋ ಬ್ಯಾಟ್ರಿ, 40 ವಾಟ್ ಪ್ಯಾನಲ್ಲು, ಮಷಿನ್ನು ಮೋಟ್ರು ಮನ್ಯಾಗ ಇಟ್ಟೀವಿ. ಹಾಕ್ಸಿದಾಗ ಮಳಿಗಾಲ, ಆವಾಗ ಭಾಳ ಚಲೋ ಇತ್ತು, ಹಂದಿ ಬೇಲಿ ಹತ್ರನೂ ಸುಳೀತಿರ್ಲಿಲ್ಲ.

ಈಗ ಮಳಿ ಕೈಕೊಟ್ಟೈತಿ, ನೆಲ ಬಿರುಕು ಬಿಟ್ಟೈತಿ, ತೆನಿ ಹಾಲುಗಾಳು ಆಗೋ ಹೊತ್ತಿಗೆ ಸರಿಯಾಗಿ ಹಂದಿ ಹಿಂಡು ಬಂದು ತಂತಿ ಕೆಳಗೇ ನುಸುಳ್ಕೊಂಡು ಒಳಗ್ ಬರ್ತಾವೆ, ಒಂದ್ ರಾತ್ರಿ ಬಂದ್ರೆ ಸಾಲಿಗೆ ಸಾಲೇ ಮಲಗಿಸಿ ಹೋಗ್ತಾವೆ, ಬೆಳಿಗ್ಗೆ ಹೋಗಿ ನೋಡಿದ್ರೆ ಹೊಟ್ಟಿ ಉರೀತತಿ. ಮಷಿನ್ ಮಾತ್ರ ಟಿಕ್ ಟಿಕ್ ಅಂತಾನೇ ಐತಿ, ಲೈಟ್ ಬರ್ತತಿ, ತಂತಿಗೆ ಟೆಸ್ಟರ್ ಹಿಡಿದ್ರೆ ಅದೂ ಮಿಣುಕ್ತತಿ. ಆದ್ರೆ ಚಪ್ಲಿ ಹಾಕ್ಕೊಂಡು ಕೈ ಇಟ್ರೆ ಚುರ್ ಅನ್ನೋದೇ ಕಮ್ಮಿ. ಇನ್ನೊಂದು, ಬೆಳಗಿನ ಜಾವದ ಹೊತ್ತಿಗೆ ಟಿಕ್ ಟಿಕ್ ನಿಧಾನ ಆಗಿ ಕೆಲವು ಸಲ ನಿಂತೇ ಹೋಗ್ತತಿ.

ಬೇಲಿ ಹಾಕಿದೋರಿಗೆ ಫೋನ್ ಮಾಡಿದ್ರೆ ಟ್ರಾನ್ಸ್‌ಫಾರ್ಮರ್ ಹೋಗೈತಿ, ಹೊಸ ಮಷಿನ್ ತಗೊಳ್ಳಿ ಅಂದ್ರು, ಬಂದು ನೋಡ್ಲೇ ಇಲ್ಲ. ನಿಜವಾಗ್ಲೂ ಮಷಿನ್ ಹೋಗೈತಾ, ಬೇಲಿದೇ ತೊಂದ್ರೇನಾ, ನಾವೇ ಹೆಂಗ್ ಕಂಡುಹಿಡಿಯೋದು? ಡಬ್ಬಿ ಬಿಚ್ಚಿ ನೋಡಬೌದಾ? ಗೊತ್ತಿರೋರು ದಯವಿಟ್ಟು ಹೇಳ್ರಿ, ತೆನಿ ಉಳಿಸ್ಕೋಬೇಕು.

ದಾವಣಗೆರೆ ರಿವೈಂಡಿಂಗ್:

ಅಣ್ಣಾರೆ, ಹೊಸ ಮಷಿನ್‌ಗೆ ರೊಕ್ಕ ಈಗ್ಲೇ ಕೊಡಬ್ಯಾಡ್ರಿ, ತಡೀರಿ. ನಂದು ಮೋಟ್ರು ರಿವೈಂಡಿಂಗ್ ಅಂಗಡಿ, ಜೊತಿಗೆ ಬೇಲಿ ಮಷಿನ್ನೂ ರಿಪೇರಿಗೆ ಬರ್ತಾವೆ, ಹಂಗ್ ಬರೋವ್ರಾಗ ಭಾಳಷ್ಟು ಮಷಿನ್‌ಗೆ ಏನೂ ಆಗಿರಲ್ಲ, ತೊಂದ್ರಿ ಹೊಲದಾಗೇ ಇರ್ತತಿ. ನೀವು ಹೇಳಿದ್ದು ಓದಿದ್ರೆ ನಿಮ್ಮಲ್ಲಿ ಎರಡು ಬ್ಯಾರೆ ಬ್ಯಾರೆ ತೊಂದ್ರಿ ಅದಾವೆ, ಒಂದು ಅರ್ತಿಂಗ್, ಇನ್ನೊಂದು ಬ್ಯಾಟ್ರಿ. ಎರಡನ್ನೂ ಕಲಸಬ್ಯಾಡ್ರಿ.

ಮೊದಲು ಮಷಿನ್ ಏನ್ ಮಾಡ್ತತಿ ಅಂತ ತಿಳ್ಕೊಳ್ರಿ. ಬ್ಯಾಟ್ರಿಯ 12 ವೋಲ್ಟನ್ನ ಒಳಗಿನ ಇನ್ವರ್ಟರ್ ಸರ್ಕ್ಯೂಟು ಕೆಲವು ನೂರು ವೋಲ್ಟಿಗೆ ಏರಿಸಿ, ಕರೆಂಟು ಕೂಡಿಟ್ಟುಕೊಳ್ಳೋ ಒಂದು ಕೆಪಾಸಿಟರ್‌ನಾಗ ತುಂಬ್ಸತಿ. ಸೆಕೆಂಡಿಗೊಂದು ಸಲ, ಒಂದೂವರೆ ಸೆಕೆಂಡಿಗೊಂದು ಸಲ ಎಸ್‌ಸಿಆರ್ ಅನ್ನೋ ಸ್ವಿಚ್ಚು ಅದನ್ನ ಪಲ್ಸ್ ಟ್ರಾನ್ಸ್‌ಫಾರ್ಮರ್‌ಗೆ ಒಮ್ಮೆಲೇ ಬಿಡ್ತತಿ, ಅದೇ ಟಿಕ್ ಸದ್ದು. ಹೊರಗ ಬರೋದು 5 ಸಾವಿರದಿಂದ 10 ಸಾವಿರ ವೋಲ್ಟ್, ಆದ್ರೆ ಒಂದು ಪಲ್ಸು ಸೆಕೆಂಡಿನ ನೂರನೇ ಒಂದು ಭಾಗನೂ ಇರಲ್ಲ. ಅದಕ್ಕೇ ಪ್ರಾಣಿ ಸಾಯಲ್ಲ, ಹೆದರ್ತತಿ ಅಷ್ಟೆ.

ಈ ಪಲ್ಸು ತಂತಿಯಿಂದ ಹಂದಿ ಮೂತಿಗೆ, ಹಂದಿ ಕಾಲಿಂದ ನೆಲಕ್ಕ, ನೆಲದಾಗ ಹಾಸಿ ಅರ್ತ್ ರಾಡಿಗೆ (ಮಷಿನ್ನಿನ ಅರ್ತ್ ವೈರ್ ಕಟ್ಟಿ ನೆಲಕ್ಕ ಹೊಡೆದ ಕಬ್ಬಿಣದ ಸರಳು), ರಾಡಿಂದ ವಾಪಸ್ ಮಷಿನ್‌ಗೆ ಬಂದ್ರೇನೇ ಶಾಕು. ಹತ್ತು ಎಚ್‌ಪಿ ಮೋಟ್ರು ಇಳಿಸಿದ್ರೂ ಬೋರು ಒಣಗಿದ್ರೆ ಡೆಲಿವರಿ ಪೈಪಿಗೆ ನೀರು ಬರ್ತತೇನ್ರಿ, ಹಂಗೇ ಇದು. ಮಳಿಗಾಲದಾಗ ನೆಲ ಹಸಿ ಇತ್ತು, ದಾರಿ ಇತ್ತು. ಈಗ ಗರಸು ನೆಲ ಒಣಗಿ ಕಲ್ಲಾಗೈತಿ, ದಾರಿ ಕಟ್ ಆಗೈತಿ. ಟೆಸ್ಟರ್ ಯಾಕ ಮಿಣುಕ್ತತಿ ಅಂದ್ರೆ ಆ ನಿಯಾನ್ ದೀಪಕ್ಕ ಬೇಕಾಗೋ ಕರೆಂಟು ಭಾಳ ಕಮ್ಮಿ, ಅರ್ತಿಂಗ್ ಎಷ್ಟೇ ಕೆಟ್ಟಿರ್ಲಿ ಅದು ಹೊತ್ತತಿ. ಟೆಸ್ಟರ್ ನೋಡಿ ಬೇಲಿ ಚಲೋ ಐತಿ ಅನ್ನಂಗಿಲ್ಲ.

ಒಂದು ಡಿಜಿಟಲ್ ಫೆನ್ಸ್ ವೋಲ್ಟ್‌ಮೀಟರ್ ತಗೊಳ್ರಿ, ಇಲ್ಲಾ ಊರಾಗ ಯಾರತ್ರ ಐತೋ ಇಸ್ಕೊಳ್ರಿ. ಕರೆಂಟ್ ನೋಡೋ ಸಾದಾ ಮಲ್ಟಿಮೀಟರ್ ತಂತಿಗೆ ಹಚ್ಚಬ್ಯಾಡ್ರಿ, ಅದು 600ಕ್ಕೋ 1000 ವೋಲ್ಟಿಗೋ ಇರೋದು, ಒಂದೇ ಪಲ್ಸಿಗೆ ಸುಟ್ಟೋಗ್ತತಿ. ಮೀಟರ್ ಸಿಕ್ಕಮ್ಯಾಲೆ ಬ್ಯಾಟ್ರಿ ಫುಲ್ ಚಾರ್ಜ್ ಇದ್ದಾಗ ಮಷಿನ್‌ನಿಂದ ಬೇಲಿ ವೈರ್ ಬಿಚ್ಚಿ, ಬರೀ ಮಷಿನ್ನಿನ ಎರಡು ಟರ್ಮಿನಲ್‌ಗೆ ಹಿಡೀರಿ. 7 ಸಾವಿರಕ್ಕಿಂತ ಮ್ಯಾಲೆ ತೋರಿಸ್ತು ಅಂದ್ರೆ ನಿಮ್ಮ ಟ್ರಾನ್ಸ್‌ಫಾರ್ಮರ್ ಸುಟ್ಟಿಲ್ಲ, ಫೋನಾಗ ಹೇಳಿದ್ದು ಸುಳ್ಳು. ಆಮ್ಯಾಲೆ ವೈರ್ ಹಚ್ಚಿ ಹತ್ರದ ಕಂಬದಾಗ, ದೂರದ ಮೂಲಿಯಾಗ ನೋಡ್ರಿ.

ಆಮೇಲೆ ಮುಖ್ಯವಾದದ್ದು ಅರ್ತ್ ಟೆಸ್ಟು, ಇದನ್ನ ಯಾರೂ ಮಾಡಲ್ಲ. ಮಷಿನ್ ಆಫ್ ಮಾಡಿ, ಮಷಿನ್‌ನಿಂದ ನೂರು ಮೀಟರ್ ದೂರ ಹೋಗಿ ಎರಡ್ಮೂರು ಕಬ್ಬಿಣದ ಹಾರಿ ನೆಲಕ್ಕ ಹೊಡೆದು ತಂತಿಗೆ ಒರಗಿಸ್ರಿ, ಒಣ ನೆಲ ಆದ್ರೆ ಅಲ್ಲಿ ಒಂದೊಂದು ಕೊಡ ನೀರು ಹಾಕ್ರಿ. ಈಗ ಆನ್ ಮಾಡಿದ್ರೆ ಬೇಲಿ ವೋಲ್ಟೇಜು 2 ಸಾವಿರಕ್ಕೋ ಅದರ ಕೆಳಗೋ ಇಳೀಬೇಕು, ಇಳೀಲಿಲ್ಲಂದ್ರೆ ಇನ್ನೊಂದು ಹಾರಿ. ಇಳಿದಮ್ಯಾಲೆ ಮೀಟರಿನ ಒಂದು ತುದಿ ಅರ್ತ್ ರಾಡಿಗೆ, ಇನ್ನೊಂದು ತುದಿ ವೈರ್ ಎಷ್ಟು ದೂರ ಹೋಗ್ತತೋ ಅಷ್ಟು ದೂರದ ನೆಲಕ್ಕ ಚುಚ್ರಿ. 200, 300 ವೋಲ್ಟ್ ಒಳಗಿದ್ರೆ ಅರ್ತಿಂಗ್ ಸರಿ. ಸಾವಿರ, ಎರಡು ಸಾವಿರ ಬಂತು ಅಂದ್ರೆ ಹಂದಿಗೆ ಹೋಗಬೇಕಾದ ಏಟು ನಿಮ್ಮ ರಾಡಿನ ಬುಡದಾಗೇ ಮುಗೀತತಿ.

ಡಬ್ಬಿ ಮಾತ್ರ ಈಗ ಬಿಚ್ಚಬ್ಯಾಡ್ರಿ, ಅದರ ಬಗ್ಗೆ ಆಮೇಲೆ ಬರೀತೀನಿ.

ದುರ್ಗದ ಹುಡುಗ:

ಅಣ್ಣ, ನಮ್ಮ ಊರ ಕಡೆ ಕೆಲವ್ರು ಇಷ್ಟೆಲ್ಲಾ ತಲೆ ಕೆಡಿಸ್ಕೊಳ್ಳಲ್ಲ, ರಾತ್ರಿ ತ್ರೀಫೇಸ್ ಬಂದಾಗ ಒಂದು ಫೇಸ್ ತಂತಿಗೆ ಕೊಟ್ಟುಬಿಡ್ತಾರೆ, ಮಧ್ಯ ನೂರು ವಾಟಿನ ಬಲ್ಬ್ ಸೀರೀಸ್‌ನಲ್ಲಿ ಹಾಕಿದ್ರೆ ಪ್ರಾಣಕ್ಕೇನೂ ಆಗಲ್ಲ ಅಂತಾರೆ. ಇದು ನಿಜಾನಾ? ತೆನೆ ಉಳ್ಕೊಳ್ಳೋವರ್ಗೂ ಮಾಡಬೋದಾ ಅಂತ ಕೇಳ್ದೆ ಅಷ್ಟೆ.

ದಾವಣಗೆರೆ ರಿವೈಂಡಿಂಗ್:

ತಮ್ಮಾ, ಕೇಳಿದ್ದು ಒಳ್ಳೇದಾತು, ಆದ್ರೆ ಇದನ್ನ ಮನಸಿಂದ ತೆಗೆದುಹಾಕಪ್ಪಾ. ಬಲ್ಬ್ ಹಾಕಿದ್ರೆ ಸೇಫ್ ಅನ್ನೋದು ಪೂರ್ತಿ ಸುಳ್ಳು. ನೂರು ವಾಟ್ ಬಲ್ಬು ಪೂರಾ ಉರಿಯೋವಾಗ ಅದರಾಗ ಹೋಗೋದು 430 ಮಿಲಿ ಆಂಪಿಯರ್ ಸುಮಾರು. ತಣ್ಣಗಿದ್ದಾಗ ಆ ಫಿಲಮೆಂಟಿನ ರೆಸಿಸ್ಟೆನ್ಸು ನಲವತ್ತು ಓಮ್ ಆಸುಪಾಸು ಅಷ್ಟೆ, ಅಂದ್ರೆ ತಡೆಯೋದಕ್ಕ ಅಲ್ಲಿ ಏನೂ ಇಲ್ಲ. ಒದ್ದಿ ನೆಲದಾಗ ಬರಿಗಾಲಾಗ ನಿಂತೋನು ತಂತಿ ಮುಟ್ಟಿದ್ರೆ ನೂರು, ಇನ್ನೂರು ಮಿಲಿ ಆಂಪಿಯರ್ ಆರಾಮಾಗಿ ಮೈಯಾಗ ಹರೀತತಿ, ಎದಿ ನಿಲ್ಲೋಕೆ ಅಷ್ಟೆಲ್ಲಾ ಬೇಕಾಗೇ ಇಲ್ಲ. ಅದೂ ಬಿಡದಂಗ ಹರಿಯೋ ಕರೆಂಟು, ಕೈ ಬಿಗಿ ಹಿಡ್ಕೊಂಡುಬಿಡ್ತತಿ. ಬೇಲಿ ಮಷಿನ್‌ನಾಗ ಎರಡು ಪಲ್ಸಿನ ಮಧ್ಯ ಒಂದು ಸೆಕೆಂಡು ಬಿಡುವು ಇಟ್ಟಿರೋದೇ ಕೈ ತಗೊಳ್ಳಾಕ ಅಂತ.

ನೀರು ಕಟ್ಟಾಕ ರಾತ್ರಿ ಹೊಲಕ್ಕ ಹೋಗೋರು ನಮ್ಮೋರೇ, ಮಗ್ಗಲ ಹೊಲದೋರು, ಕುರಿಯೋರು. ಅವರ್ಯಾರಿಗೂ ಆ ತಂತ್ಯಾಗ ಏನೈತಿ ಅಂತ ಗೊತ್ತಿರಲ್ಲ. ಒಬ್ಬರು ಹೋದ್ರೆ ಎರಡು ಮನಿ ಹಾಳು. ಕಾನೂನೂ ಹೇಳ್ತೀನಿ ಕೇಳು, ಲೈನಿಂದ ಹಂಗ್ ಎಳೆದ್ರೆ 2003ರ ವಿದ್ಯುತ್ ಕಾಯ್ದೆ 135ನೇ ಸೆಕ್ಷನ್ ಪ್ರಕಾರ ಕಳ್ಳತನ, ಮೂರು ವರ್ಷದ ತನಕ ಜೈಲೈತಿ. ಪ್ರಾಣಿ ಸತ್ರೆ 1972ರ ವನ್ಯಜೀವಿ ಕಾಯ್ದೆ ಕೇಸು, ಜಗಳೂರು ಕಡೆ ಕರಡಿ ಓಡಾಡ್ತಾವೆ, ಕರಡಿ ಆ ಕಾಯ್ದೆಯ ಶೆಡ್ಯೂಲ್ ಒಂದರ ಪ್ರಾಣಿ, ಅಂದ್ರೆ ಭಾಳ ರಕ್ಷಣೆ ಇರೋ ಪಟ್ಟಿದು. ಮನುಷ್ಯರು ಸತ್ರೆ ಏನಾಗ್ತತಿ ಅಂತ ನಾನು ಹೇಳೋದು ಬ್ಯಾಡ. ಯಾರಾದ್ರೂ ಹಿಂಗ್ ಮಾಡಿದ್ದು ಕಣ್ಣಿಗೆ ಬಿದ್ರೆ ಬೆಸ್ಕಾಂ ಲೈನ್‌ಮ್ಯಾನ್‌ಗೆ ಹೇಳು, ಚಾಡಿ ಆಗಲ್ಲ ಅದು.

ದುರ್ಗದ ಹುಡುಗ:

ಸರಿ ಅಣ್ಣ, ಅರ್ಥ ಆಯ್ತು. ಊರಲ್ಲಿ ಹೇಳ್ತೀನಿ.

ಹಿರಿಯೂರು ದಾಳಿಂಬೆ:

ಜಗಳೂರಣ್ಣಾ, ನಮ್ದು ಹಿರಿಯೂರು ತಾಲೂಕು, ಮಳೆ ಅನ್ನೋದೇ ಕಮ್ಮಿ, ಕೆಂಪು ಗರಸು ನೆಲ, ವರ್ಷದಲ್ಲಿ ಮುಕ್ಕಾಲು ಪಾಲು ಒಣಗೇ ಇರುತ್ತೆ. ನಿಮ್ಮ ತೊಂದ್ರೆ ನಮಗೆ ಪ್ರತಿ ಬೇಸಿಗೆದು. ರಿವೈಂಡಿಂಗ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ ಐತೆ, ಅದಕ್ಕೆ ನಾನು ಒಣ ನೆಲದಲ್ಲಿ ಏನ್ ಮಾಡ್ಬೇಕು ಅಂತ ಸೇರಿಸ್ತೀನಿ.

ಅರ್ತ್ ರಾಡ್ ಮಷಿನ್ ಪಕ್ಕದಲ್ಲೇ ಇರ್ಬೇಕು ಅಂತ ಏನೂ ಇಲ್ಲ ಕಣಣ್ಣ. ಎಲ್ಲಿ ವರ್ಷಪೂರ್ತಿ ತೇವ ಇರುತ್ತೋ ಅಲ್ಲಿಗೆ ಒಳ್ಳೇ ವೈರ್ ಎಳೆದು ಅಲ್ಲೇ ರಾಡ್ ಹೊಡೀರಿ. ಕೃಷಿ ಹೊಂಡದ ಅಂಚು, ತೆಂಗಿನ ಪಾತಿ, ತೊಟ್ಟಿ ನೀರು ಸೋರೋ ಜಾಗ, ಡ್ರಿಪ್ ಫಿಲ್ಟರ್ ತೊಳೆದು ನೀರು ಬಿಡೋ ಕಾಲುವೆ, ಇವೆಲ್ಲಾ ಆಗುತ್ತೆ. ಮೂರು ರಾಡಿಗೆ ಕಮ್ಮಿ ಹಾಕ್ಬೇಡಿ, ಒಂದೊಂದು ಐದಾರು ಅಡಿ ಉದ್ದದ ಜಿಐ (ಸತುವು ಲೇಪಿಸಿದ ಕಬ್ಬಿಣ) ಪೈಪೋ ರಾಡೋ ಇರ್ಲಿ, ಒಂದಕ್ಕೊಂದು ಹತ್ತಡಿ ದೂರ ಇರ್ಲಿ. ಪಕ್ಕಪಕ್ಕದಲ್ಲೇ ಮೂರು ಹೊಡೆದ್ರೆ ಒಂದು ಹೊಡೆದಂಗೇ ಲೆಕ್ಕ. ಮೂರನ್ನೂ ಒಂದೇ ಜಿಐ ತಂತಿಯಲ್ಲಿ ಕ್ಲಾಂಪ್ ಹಾಕಿ ಬಿಗೀರಿ, ಬೈಂಡಿಂಗ್ ವೈರ್ ಸುತ್ತಿ ಬಿಟ್ರೆ ಒಂದು ಮಳೆಗಾಲಕ್ಕೆ ತುಕ್ಕು ಹಿಡಿದು ಕಾಂಟ್ಯಾಕ್ಟೇ ಇರಲ್ಲ. ತಾಮ್ರದ ವೈರ್ ಜಿಐಗೆ ಸೇರಿಸಬೇಡಿ, ಎರಡು ಬೇರೆ ಲೋಹ ಒದ್ದೆಯಲ್ಲಿ ಸೇರಿದ್ರೆ ಜಿಐ ತಿಂದುಹೋಗುತ್ತೆ. ಗುಂಡಿಗೆ ಇದ್ದಿಲು ಉಪ್ಪು ಹಾಕೋರು ಹಾಕ್ತಾರೆ, ತೇವ ಹಿಡಿಯುತ್ತೆ ನಿಜ, ಆದ್ರೆ ಉಪ್ಪಿಗೆ ರಾಡೂ ಬೇಗ ಸವೆಯುತ್ತೆ, ನಾನು ಉಪ್ಪಿಗಿಂತ ವಾರಕ್ಕೊಂದ್ಸಲ ಎರಡು ಬಿಂದಿಗೆ ನೀರೇ ಮೇಲು ಅಂತೀನಿ.

ಬೋರ್‌ವೆಲ್ ಕೇಸಿಂಗಿಗೋ ಸ್ಟಾರ್ಟರಿನ ಅರ್ತಿಗೋ ಮಾತ್ರ ಸೇರಿಸಬೇಡಿ. ಕೇಸಿಂಗು ಆಳಕ್ಕೆ ಹೋಗಿರುತ್ತೆ ಒಳ್ಳೇ ಅರ್ತು ಅಂತ ಸುಮಾರು ಜನ ಮಾಡ್ತಾರೆ, ಆಮೇಲೆ ಪಲ್ಸು ಮೋಟ್ರು ಪ್ಯಾನಲ್‌ಗೆ ಹೋಗುತ್ತೆ, ಪೈಪ್ ಮುಟ್ಟಿದ್ರೆ ಚುರುಗುಟ್ಟುತ್ತೆ. ಕರೆಂಟಿನ ಅರ್ತಿಂದ ಹತ್ತು ಮೀಟರಾದ್ರೂ ದೂರ ಇರ್ಬೇಕು ಬೇಲಿ ಅರ್ತು.

ಇನ್ನೊಂದು ಮುಖ್ಯ. ರಾಡ್ ಎಷ್ಟೇ ಒದ್ದೆ ಇದ್ರೂ ಹಂದಿ ನಿಂತಿರೋ ಜಾಗ ಒಣಗಿದ್ರೆ ಅದರ ಗೊರಸಿಂದ ನೆಲಕ್ಕೆ ಕರೆಂಟ್ ಇಳಿಯೋದೇ ಕಷ್ಟ. ಅದಕ್ಕೆ ನಾವು ಮೂರೆಳೆಯನ್ನ ಐದೆಳೆ ಮಾಡಿ ಒಂದು ಬಿಟ್ಟು ಒಂದು ಅರ್ತ್ ತಂತಿ ಮಾಡ್ಕೊಂಡಿದೀವಿ. ಕೆಳಗಿಂದ ಲೆಕ್ಕ ಹಾಕಿದ್ರೆ ಎಂಟರಿಂದ ಹತ್ತು ಇಂಚಿಗೆ ಲೈವು (ಪಲ್ಸು ಹರಿಯೋ ತಂತಿ), ಅದರ ಮೇಲಿಂದು ಅರ್ತು, ಮತ್ತೆ ಲೈವು, ಅರ್ತು, ಲೈವು. ಹಂದಿ ಮೂತಿ ಹಾಕಿ ನುಗ್ಗೋವಾಗ ಎರಡೂ ತಂತಿ ಒಟ್ಟಿಗೆ ತಾಗ್ತವೆ, ನೆಲ ಒಣಗಿದ್ರೂ ಏಟು ಬೀಳುತ್ತೆ. ಅರ್ತ್ ತಂತಿನ ಮಷಿನ್‌ನ ಅರ್ತಿಗೂ ಸೇರಿಸಿ, ಬೇಲಿ ಉದ್ದಕ್ಕೂ ಅಲ್ಲಲ್ಲಿ ಒಂದೊಂದು ರಾಡಿಗೂ ಸೇರಿಸಿ. ಇದರಲ್ಲಿ ಕಷ್ಟ ಏನಂದ್ರೆ ತಂತಿ ಸಡಿಲ ಬಿಟ್ಟು ಲೈವು ಅರ್ತು ಒಂದಕ್ಕೊಂದು ತಾಗಿದ್ರೆ ಇಡೀ ಬೇಲಿ ಸತ್ತೋಗುತ್ತೆ, ಅದಕ್ಕೆ ಮೂಲೆ ಕಂಬ ಗಟ್ಟಿ ಇರ್ಬೇಕು, ಬಿಗಿಯೋ ಟೈಟ್ನರ್ ಇರ್ಬೇಕು. ಈಗಿರೋ ಮೂರೆಳೆಯಲ್ಲೇ ಮಾಡೋದಾದ್ರೆ ನಡುವಿಂದನ್ನ ಅರ್ತ್ ಮಾಡಿ ನೋಡಿ, ಖರ್ಚಿಲ್ಲ.

ಕಲ್ಲುಕಂಬಕ್ಕೆ ಇನ್ಸುಲೇಟರ್ ಏನ್ ಹಾಕಿದಾರೆ ನೋಡ್ಕೊಳ್ಳಿ. ನಮ್ಮ ಕಡೆ ದುಡ್ಡು ಉಳ್ಸೋಕೆ ಪೈಪ್ ತುಂಡು ಕತ್ತರಿಸಿ ತಂತಿಗೆ ಏರಿಸಿ ಕಟ್ತಾರೆ, ಬಿಸಿಲಿಗೆ ಅದು ಸೀಳಿಬಿಡುತ್ತೆ, ಕಣ್ಣಿಗೆ ಕಾಣಲ್ಲ, ಆ ಸೀಳಲ್ಲಿ ಧೂಳು ಇಬ್ಬನಿ ಸೇರಿದ್ರೆ ಕಂಬಕ್ಕೆ ಲೀಕು.

ಚನ್ನಗಿರಿ ತೋಟ:

ಲೀಕು ಹುಡುಕೋದು ನಾನು ಹೇಳ್ತೀನಿ, ನಮ್ಮದು ಅಡಿಕೆ ತೋಟ, ಇಲ್ಲಿ ಒಣ ನೆಲದ ತಾಪತ್ರಯ ಇಲ್ಲ, ಹುಲ್ಲು ಬಳ್ಳಿದೇ ತಾಪತ್ರಯ, ಹದಿನೈದು ದಿನ ನೋಡದೆ ಬಿಟ್ರೆ ಬೇಲಿ ಮೇಲೆಲ್ಲ ಬಳ್ಳಿ ಹತ್ತಿರುತ್ತೆ, ಹಸಿ ಎಲೆ ಒಂದೊಂದೂ ಸ್ವಲ್ಪ ಸ್ವಲ್ಪ ತಿನ್ನುತ್ತೆ, ದೂರದ ತುದಿಯಲ್ಲಿ ಏನೂ ಉಳಿದಿರಲ್ಲ.

ಅಮಾವಾಸ್ಯೆ ಹತ್ತಿರದ ಕತ್ತಲೆ ರಾತ್ರಿ ಕೈಯಲ್ಲಿರೋ ಟಾರ್ಚ್ ಆರಿಸಿ ಬೇಲಿ ಉದ್ದಕ್ಕೂ ನಿಧಾನಕ್ಕೆ ನಡೀರಿ, ಇನ್ಸುಲೇಟರ್ ಸೀಳಿದ ಕಡೆ ನೀಲಿ ಕಿಡಿ ಹಾರೋದು ಕಾಣುತ್ತೆ, ಚಟ್ ಅನ್ನೋದು ಕೇಳುತ್ತೆ. ಹಗಲಾದ್ರೆ ಹಳೇ ಜೇಬು ರೇಡಿಯೋ ಇದ್ರೆ ತಗೊಳ್ಳಿ, ಮೀಡಿಯಂ ವೇವ್‌ನಲ್ಲಿ ಭದ್ರಾವತಿ 675ರಲ್ಲಿ ಬರುತ್ತಲ್ಲ, ಅದನ್ನ ಬಿಟ್ಟು ಸ್ಟೇಷನ್ ಇಲ್ಲದ ಕಡೆ ಮುಳ್ಳು ಇಟ್ಕೊಂಡು ಬೇಲಿ ಪಕ್ಕ ನಡೆದ್ರೆ ಪ್ರತಿ ಪಲ್ಸಿಗೂ ಟಕ್ ಅನ್ನುತ್ತೆ, ಕಿಡಿ ಹಾರೋ ಕಡೆ ಹತ್ತಿರ ಆದಂಗೆ ಸದ್ದು ಜೋರಾಗುತ್ತೆ. ಮೊಬೈಲ್‌ನ ಎಫ್‌ಎಂನಲ್ಲಿ ಇದು ಆಗಲ್ಲ.

ಮೀಟರ್ ಇದ್ರೆ ಇನ್ನೂ ಸುಲಭ. ಬೇಲಿ ಮಧ್ಯ ಒಂದು ಕಟ್ಔಟ್ ಸ್ವಿಚ್ ಹಾಕ್ಸಿ, ಅರ್ಧ ಬೇಲಿ ಬಿಟ್ಟು ನೋಡಿ, ವೋಲ್ಟೇಜ್ ಏರಿದ್ರೆ ಲೀಕು ಬಿಟ್ಟ ಅರ್ಧದಲ್ಲಿದೆ, ಏರದಿದ್ರೆ ಈ ಅರ್ಧದಲ್ಲಿ. ಹಾಗೇ ಅರ್ಧ ಅರ್ಧ ಮಾಡ್ತಾ ಹೋದ್ರೆ ನಾಲ್ಕೈದು ಕಂಬದೊಳಗೆ ಬಂದುಬಿಡ್ತೀರಿ. ಮೋಟರ್ ಮನೆಯಿಂದ ಬೇಲಿಗೆ ಹೋಗೋ ವೈರನ್ನೂ ಮರೀಬೇಡಿ, ಮನೆ ವೈರಿಂಗಿನ ವೈರನ್ನೇ ಮಣ್ಣಲ್ಲಿ ಹೂತಿರ್ತಾರೆ, ಅದು 1100 ವೋಲ್ಟಿಗೆ ಮಾಡಿದ್ದು, ಎಂಟು ಸಾವಿರಕ್ಕೆ ತಡೆಯಲ್ಲ, ಭೂಮಿ ಒಳಗೇ ಲೀಕಾಗುತ್ತೆ. ಬೇಲಿಗೆ ಅಂತಲೇ ಡಬಲ್ ಇನ್ಸುಲೇಷನ್ ಕೇಬಲ್ ಸಿಗುತ್ತೆ, ಅದನ್ನೇ ಹಾಕಿ.

ಜಗಳೂರು ಸೀಮೆ:

ಎಲ್ಲರಿಗೂ ಕೈ ಮುಗೀತೀನಿ, ಇಷ್ಟು ಬಿಡಿಸಿ ಹೇಳಿದ್ದಕ್ಕ. ಮೀಟರ್ ಸಿಕ್ತು, ನೋಡಿದ್ವಿ. ಬೇಲಿ ಬಿಚ್ಚಿ ಬರೀ ಮಷಿನ್ 8.4 (ಅಂದ್ರೆ 8,400 ವೋಲ್ಟ್) ತೋರಿಸ್ತು, ಬೇಲಿ ಹಚ್ಚಿದ್ರೆ ಹತ್ರ 6.1, ದೂರದ ಮೂಲ್ಯಾಗ 5.6. ಇದನ್ನ ನೋಡಿ ಬೇಲಿ ಸರೀನೇ ಐತಲ್ಲಾ ಅನ್ನಿಸ್ತು, ಆದ್ರೆ ಹಾರಿ ಒರಗಿಸಿ ಅರ್ತ್ ಟೆಸ್ಟ್ ಮಾಡಿದ್ರೆ ರಾಡಿನ ಹತ್ರ 2.1 ಬಂತು! ನೀವು ಹೇಳಿದ್ದು 0.3 ಒಳಗ. ಅಗೆದು ನೋಡಿದ್ರೆ ಹಾಕಿದೋರು ಒಂದೇ ರಾಡ್ ಹೊಡೆದಾರೆ, ಅದೂ ಮೊಳಕೈ ಉದ್ದದ್ದು, ಮೋಟ್ರು ಮನಿ ಗ್ವಾಡಿ ಬುಡದ ಗರಸಿನಾಗ, ಸುತ್ತಿದ ತಂತಿ ತುಕ್ಕು ಹಿಡಿದು ಉದುರ್ತತಿ.

ಈಗ ಕೃಷಿ ಹೊಂಡದ ಬದಿಗೆ ಆರಡಿ ಜಿಐ ಪೈಪು ಮೂರು ಹೊಡೆದು ಕ್ಲಾಂಪ್ ಹಾಕಿ ಅಲ್ಲಿಂದ ಕೇಬಲ್ ತಂದೀವಿ, 0.4ಕ್ಕೆ ಇಳೀತು. ನಡು ತಂತಿನ ಅರ್ತ್ ಮಾಡೀವಿ. ನಮ್ಮ ಮಗ ಚಪ್ಲಿ ಹಾಕ್ಕೊಂಡೇ ಹುಲ್ಲುಕಡ್ಡಿ ಹಿಡಿದು ಮುಟ್ಟಿದ್ರೂ ಕೈ ಎಳ್ಕೊಂಡ. ರಾತ್ರಿ ಹಂದಿ ಹಿಂಡು ಬಂದಿದ್ದು ಹೆಜ್ಜಿ ಕಾಣ್ತತಿ, ಬೇಲಿ ತನಕ ಬಂದು ತಿರುಗಿ ಹೋಗ್ಯಾವೆ.

ಬ್ಯಾಟ್ರಿದು ಉಳೀತು. ಸಂಜಿಗೆ 12.9 ವೋಲ್ಟ್ ಇರ್ತತಿ, ಬೆಳಿಗ್ಗೆ ಐದಕ್ಕ ನೋಡಿದ್ರೆ 10.7. ಬೇಲಿ ಲೀಕ್ ಆಗೋದಕ್ಕ ಬ್ಯಾಟ್ರಿ ಇಳೀತತಿ ಅಂತ ಊರಾಗೆಲ್ಲ ಅಂತಾರೆ, ಈಗ ಲೀಕ್ ಇಲ್ಲಲ್ಲಾ, ಆದ್ರೂ ಇಳೀತತಿ.

ದಾವಣಗೆರೆ ರಿವೈಂಡಿಂಗ್:

ಭಾಳ ಖುಷಿ ಆತು ನೋಡ್ರಿ. ಇನ್ನೊಂದು ರಾಡ್ ಸೇರಿಸ್ರಿ ಸಾಕು, 0.3 ಒಳಗ ಬರ್ತತಿ. ಕರಡಿ ಬರೋ ಹೊಲ ಆದ್ರೆ ದೂರದ ಮೂಲ್ಯಾಗ 5 ಸಾವಿರಕ್ಕಿಂತ ಕೆಳಗ ಇಳಿಯಾಕ ಬಿಡಬ್ಯಾಡ್ರಿ, ಅದರ ಕೂದ್ಲು ದಪ್ಪ. ಹಂದಿಗೆ 4 ಸಾವಿರ ಸಾಕು.

ಲೀಕಿಗೆ ಬ್ಯಾಟ್ರಿ ಇಳೀತತಿ ಅನ್ನೋದು ಸಾದಾ ಮಷಿನ್‌ಗೆ ನಿಜ ಅಲ್ರಿ. ಬೇಲ್ಯಾಗ ಲೀಕ್ ಇರ್ಲಿ ಬಿಡ್ಲಿ, ಮಷಿನ್ ಪ್ರತಿ ಸಲ ಅದೇ ಕೆಪಾಸಿಟರನ್ನ ಅಷ್ಟೇ ತುಂಬಿ ಅಷ್ಟೇ ಖಾಲಿ ಮಾಡ್ತತಿ, ಬ್ಯಾಟ್ರಿಯಿಂದ ಎಳೆಯೋದು ಹೆಚ್ಚುಕಮ್ಮಿ ಒಂದೇ. ಹಂಗಾಗಿ ರಾತ್ರಿ ಇಳಿಯೋದಕ್ಕ ಕಾರಣ ಬ್ಯಾಟ್ರಿ ಇಲ್ಲಾ ಚಾರ್ಜಿಂಗು. ಪ್ಯಾನಲ್ ವೈರ್ ಬಿಚ್ಚಿ ಬಿಸಿಲಿನಾಗ ಸಾದಾ ಮಲ್ಟಿಮೀಟರ್‌ನಾಗ ನೋಡ್ರಿ, ಇಲ್ಲಿ ಅದು ಆಗ್ತತಿ, 20, 21 ವೋಲ್ಟ್ ಬರಬೇಕು. ವೋಲ್ಟ್ ಬಂದ ಮಾತ್ರಕ್ಕ ಸರಿ ಅಂತ ಅಲ್ಲ, ಡಿಸಿ 10 ಆಂಪಿಯರ್ ರೇಂಜಿಗೆ ಇಟ್ಟು ಮಧ್ಯಾಹ್ನ ನೋಡಿದ್ರೆ 40 ವಾಟಿಗೆ ಎರಡು ಆಂಪಿಯರ್ ಆಸುಪಾಸು ಇರಬೇಕು. ಧೂಳು ಕುಂತಿದ್ರೆ, ಬೇವಿನ ಟೊಂಗಿ ನೆರಳು ಒಂದು ಮೂಲಿಗೆ ಬಿದ್ರೂ ಅರ್ಧಕ್ಕರ್ಧ ಬೀಳ್ತತಿ. ದಕ್ಷಿಣಕ್ಕ ಮುಖ ಮಾಡಿ ಹದಿನೈದು ಡಿಗ್ರಿ ಇಳಿಜಾರು ಇರ್ಲಿ, ನಮ್ಮ ಜಿಲ್ಲೆಗೆ ಅದೇ ಸರಿ.

ಪ್ಯಾನಲ್ ಸರಿ ಇದ್ರೆ ಬ್ಯಾಟ್ರಿನ ಅಂಗಡ್ಯಾಗ ಪೂರಾ ಚಾರ್ಜ್ ಮಾಡ್ಸಿ, ಹೈಡ್ರೋಮೀಟರ್ (ಆಸಿಡ್ಡಿನ ಸಾಂದ್ರತೆ ನೋಡೋ ಸಾಧನ) ಹಾಕಿ ಆರೂ ಸೆಲ್ ಅಳತಿ ಮಾಡ್ಸಿ. ಎಲ್ಲಾ 1240, 1250 ಹಂಗ ಒಂದೇ ಸಮ ಇದ್ರೆ ಬ್ಯಾಟ್ರಿ ಐತಿ, ಒಂದು ಸೆಲ್ ಮಾತ್ರ 1100ರ ಕಡೆ ಇದ್ರೆ ಆ ಸೆಲ್ ಸತ್ತೈತಿ, ನೀರು ಹಾಕಿದ್ರೂ ಆಸಿಡ್ ಹಾಕಿದ್ರೂ ಏಳಲ್ಲ. 12.9 ಇಂದ ಒಂದೇ ರಾತ್ರಿಗೆ 10.7 ಅಂದ್ರೆ ನನಗ ಸೆಲ್ ಮ್ಯಾಲೇ ಅನುಮಾನ.

ಡಬ್ಬಿ ಬಿಚ್ಚೋ ಮಾತು ಕೇಳಿದ್ರಲ್ಲ. ಬ್ಯಾಟ್ರಿ ತೆಗೆದಮ್ಯಾಲೂ ಒಳಗಿನ ಕೆಪಾಸಿಟರ್‌ನಾಗ ನೂರಾರು ವೋಲ್ಟ್ ಕುಂತಿರ್ತತಿ, ಅದು ಬೇಲಿ ಶಾಕಿನಂಗ ಅಲ್ಲ, ಎದಿಗೆ ಅಪಾಯ. ನಾವು ಒಂದು ಕಿಲೋ ಓಮ್ 10 ವಾಟ್ ರೆಸಿಸ್ಟರಿಗೆ ಕ್ಲಿಪ್ ಹಚ್ಚಿ ಕೆಪಾಸಿಟರಿನ ಎರಡು ಕಾಲಿಗೂ ಹಿಡಿದು ಖಾಲಿ ಮಾಡಿ, ಮಲ್ಟಿಮೀಟರ್‌ನಾಗ ಸೊನ್ನಿ ನೋಡಿದ ಮ್ಯಾಲೇ ಕೈ ಹಾಕೋದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸೋದು ಮಾಡಬ್ಯಾಡ್ರಿ, ಕೆಪಾಸಿಟರೂ ಹಾಳು ಕಣ್ಣಿಗೂ ಅಪಾಯ. ಟಿಕ್ ಇಲ್ಲದೆ ಬರೀ ಕುಯ್ ಅಂತಿದ್ರೆ ಎಸ್‌ಸಿಆರ್ ಶಾರ್ಟ್ ಆಗಿರ್ತತಿ ಇಲ್ಲಾ ಅದಕ್ಕ ಟ್ರಿಗರ್ ಬರ್ತಿರಲ್ಲ, ಪ್ಲಸ್ ಮೈನಸ್ ಉಲ್ಟಾ ಕೊಟ್ಟಿದ್ರೆ ಫ್ಯೂಸೋ ಡಯೋಡೋ ಮಾಸ್‌ಫೆಟ್ಟೋ ಹೋಗಿರ್ತತಿ, ಡಬ್ಬಿ ಒಳಗೇ ಚಟ್ ಚಟ್ ಅಂತ ಸುಟ್ಟ ವಾರ್ನಿಶ್ ವಾಸನಿ ಬಂದ್ರೆ ಆವಾಗ ನಿಜವಾಗ್ಲೂ ಟ್ರಾನ್ಸ್‌ಫಾರ್ಮರ್. ಹಲ್ಲಿ, ಇರುವೆ ಹೊಕ್ಕು ಸತ್ತು ಬೋರ್ಡು ಸುಡೋದೂ ಐತಿ, ವೈರ್ ಹೋಗೋ ತೂತಿಗೆ ಗ್ರೋಮೆಟ್ (ರಬ್ಬರ್ ಬಳಿ) ಹಾಕಿಡ್ರಿ. ಕೆಪಾಸಿಟರ್ ಬದಲ್ಸೋವಾಗ ಅದರ ಮ್ಯಾಲೆ ಬರೆದಿರೋ ಅಳತಿದ್ದೇ ಹಾಕಬೇಕು, ಜೋರು ಬರ್ಲಿ ಅಂತ ದೊಡ್ಡದು ಹಾಕೋರು ಅದಾರೆ, ಅದು ಮಕ್ಕಳಿಗೆ ಪ್ರಾಣಾಪಾಯ. ಐಇಸಿ 60335-2-76 ಅಂತ ಇದಕ್ಕೊಂದು ಅಂತರರಾಷ್ಟ್ರೀಯ ಮಾನದಂಡ ಐತಿ, 500 ಓಮ್ ಲೋಡಿಗೆ ಒಂದು ಪಲ್ಸು 5 ಜೂಲ್ ದಾಟಬಾರ್ದು ಅಂತ ಅದರಾಗ ಮಿತಿ ಹಾಕ್ಯಾರೆ.

ಹಿರಿಯೂರು ದಾಳಿಂಬೆ:

ಮಳೆ ಬಂದ್ರೆ ಸಿಡಿಲಿಂದ ಹುಷಾರಣ್ಣ. ಗುಡುಗು ಕೇಳ್ತಿದ್ದಂಗೆ ಬೇಲಿ ವೈರೂ ಅರ್ತ್ ವೈರೂ ಎರಡೂ ಮಷಿನ್‌ನಿಂದ ಬಿಚ್ಚಿಬಿಡಿ, ಸ್ವಿಚ್ ಆಫ್ ಮಾಡಿದ್ರೆ ಸಾಲಲ್ಲ. ಬೇಲಿಗೆ ಹೋಗೋ ಜಾಗದಲ್ಲಿ ಲೈಟ್ನಿಂಗ್ ಅರೆಸ್ಟರ್ (ಸಿಡಿಲಿನ ಕರೆಂಟನ್ನ ನೆಲಕ್ಕೆ ಇಳಿಸೋ ಸಾಧನ) ಹಾಕ್ಸಿ, ಅದಕ್ಕೆ ಬೇರೇನೇ ಅರ್ತು ಕೊಡಿ, ಮಷಿನ್ ಅರ್ತಿಗೆ ಸೇರಿಸಬೇಡಿ. ದಾರಿ ಪಕ್ಕ ಬೇಲಿ ಇದ್ರೆ ಹಳದಿ ಬೋರ್ಡಲ್ಲಿ ಕನ್ನಡದಲ್ಲೇ ದೊಡ್ಡದಾಗಿ ಬರೆಸಿ ಹಾಕಿ, ಶಾಲೆ ಮಕ್ಕಳು ಓಡಾಡೋ ಕಡೆ ತಪ್ಪದೇ.

ಜಗಳೂರು ಸೀಮೆ:

ರಿವೈಂಡಿಂಗ್ ಅಣ್ಣಾ, ನೀವು ಅಂದಂಗೇ ಆತು. ಪ್ಯಾನಲ್ 1.9 ಆಂಪಿಯರ್ ಕೊಡ್ತತಿ, ಅದು ಸರಿ. ಬ್ಯಾಟ್ರಿ ಅಂಗಡ್ಯಾಗ ಐದು ಸೆಲ್ 1230 ಮ್ಯಾಲೆ, ಒಂದು 1120. ಹೊಸದು ತಗೋಬೇಕು, ಎಷ್ಟು ಆಂಪಿಯರಿಂದು ತಗೊಳ್ಳಿ? ಅಂಗಡಿಯೋರು 100 ತಗೊಳ್ಳಿ ಅಂತಾರೆ. ಮಷಿನ್ ಮ್ಯಾಲೆ 250 ಮಿಲಿ ಆಂಪಿಯರ್ ಅಂತ ಬರದೈತಿ.

ದಾವಣಗೆರೆ ರಿವೈಂಡಿಂಗ್:

100 ಬ್ಯಾಡ್ರಿ. 250 ಮಿಲಿ ಅಂದ್ರೆ ಕಾಲು ಆಂಪಿಯರ್, ಇಪ್ಪತ್ನಾಕು ಗಂಟಿಗೆ 6 ಆಂಪಿಯರ್ ಅವರ್. ಮೂರು ದಿನ ಮೋಡ ಇದ್ರೂ ನಡೀಬೇಕು ಅಂದ್ರೆ 18. ಅರ್ಧಕ್ಕಿಂತ ಕೆಳಗ ಇಳಿಸಬಾರ್ದು, ಹಂಗಾಗಿ 36, ಅಂದ್ರೆ 40 ಆಂಪಿಯರ್ ಅವರಿಂದು ಸಾಕು. ಗಾಡಿ ಬ್ಯಾಟ್ರಿ ಬ್ಯಾಡ, ಅದು ಸ್ಟಾರ್ಟ್ ಮಾಡಾಕ ಮಾಡಿದ್ದು, ದಿನಾ ಇಳಿದು ಏರಿದ್ರೆ ಬಾಳಲ್ಲ, ಸೋಲಾರಿಗೆ ಅಂತಲೇ ಇರೋ ಟ್ಯೂಬ್ಯುಲರ್ ಕೇಳ್ರಿ. ನಿಮ್ಮ ಪ್ಯಾನಲ್ಲು ಬಿಸಿಲಿದ್ದ ದಿನ 8, 9 ಆಂಪಿಯರ್ ಅವರ್ ತುಂಬ್ತತಿ, ದಿನದ 6 ಕಳೆದು ಉಳಿದಿದ್ದು ಮೋಡದ ದಿನದ್ದನ್ನ ಭರ್ತಿ ಮಾಡಾಕ ಆಗ್ತತಿ. 100ರದ್ದು ಹಾಕಿದ್ರೆ ಒಂದ್ಸಲ ಇಳೀತು ಅಂದ್ರೆ ಈ ಪ್ಯಾನಲ್‌ನಾಗ ಪೂರಾ ತುಂಬೋದು ಭಾಳ ತಡ, ಅರೆಬರೆ ಚಾರ್ಜಿನಾಗೇ ಇದ್ದು ಪ್ಲೇಟು ಹಾಳಾಗ್ತಾವೆ. ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಹಚ್ರಿ, ತಿಂಗಳಿಗೊಂದ್ಸಲ ಡಿಸ್ಟಿಲ್ಡ್ ವಾಟರ್ ನೋಡ್ರಿ, ಬೋರಿನ ನೀರು ಹಾಕಬ್ಯಾಡ್ರಿ. ಹಳೇದನ್ನ ಎಸೀಬ್ಯಾಡ್ರಿ, ಎಕ್ಸ್‌ಚೇಂಜಿಗೆ ಕೊಡ್ರಿ, ಸೀಸಕ್ಕ ರೇಟೈತಿ.